ಪಾತರಗಿತ್ತಿಯ ಗೋತ್ರ

ರಘೋತ್ತಮಾಚಾರ್ಯರ ಪಾತರಗಿತ್ತಿಗೆ ಮದುವೆಯ ತೊಡಕಿತ್ತು. ಅವರು ಕಟ್ಟುತ್ತಿದ್ದ ಎಲ್ಫ್ ಭಾಷೆಯಲ್ಲಿ ಹೂ, ರೆಕ್ಕೆ ಎಂಬ ಎರಡು ಪದಗಳನ್ನು ಕೂಡಿಸಿದರೆ ಪಾತರಗಿತ್ತಿ ಆಗಬೇಕು. ಆದರೆ ಎರಡೂ ಒಂದೇ ಗೋತ್ರದವು. ಅವರ ಮಗಳು ಶ್ರೀಕೃತಿಗೂ ಅದೇ ತೊಡಕು. ಅವಳೂ ಅವಳು ಮೆಚ್ಚಿದ ಅನಂತನೂ ವಸಿಷ್ಠ ಗೋತ್ರದವರು. ಬಳ್ಳಾರಿಯ ಆ ಮನೆಯಲ್ಲಿ ಎರಡೂ ತೊಡಕು ಒಟ್ಟಿಗೇ ಬಂದಿದ್ದವು. ಯಜಮಾನರ ನಿದ್ದೆ ಕೆಡಿಸಿದ್ದು ಮೊದಲನೆಯದು.

ಎಲ್ಫ್ ಎಂದರೆ ಪಶ್ಚಿಮದ ಕತೆಗಳ ಕಾಡುಜನ. ಕಿವಿ ಚೂಪು, ಮುಪ್ಪಿಲ್ಲ, ಮಾಡಲು ಕೆಲಸವೂ ಇದ್ದಂತಿಲ್ಲ. ಅವರು ಆಡಬಹುದಾದ ಭಾಷೆಗಳನ್ನು ಹೊಸದಾಗಿ ಕಟ್ಟಿ ಒಬ್ಬರಿಗೊಬ್ಬರು ತೋರಿಸಿಕೊಳ್ಳುವ ಹವ್ಯಾಸಿಗಳು ಜಗತ್ತಿನ ತುಂಬ ಇದ್ದಾರೆ. ಫೋನಿನಲ್ಲಿ ಅವರದೊಂದು ಬಳಗವಿದೆ. ನಿವೃತ್ತಿಯಾದ ಮೇಲೆ ಆಚಾರ್ಯರು ಅದನ್ನು ಸೇರಿದರು. ಸಿರುಗುಪ್ಪದ ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿದ್ದಷ್ಟು ಕಾಲ ಅವರಿಗೊಂದು ಸುಖವಿತ್ತು. ಕಾಲುವೆಯ ಕೊನೆಗೆ ನೀರು ಮುಟ್ಟಿಲ್ಲವೆಂದು ಹಚ್ಚೊಳ್ಳಿಯ ಕಡೆಯಿಂದ ಬಂದವರ ಅರ್ಜಿಯನ್ನು ಒಕ್ಕಣೆ ಸರಿಯಿಲ್ಲವೆಂದು ಹಿಂದಿರುಗಿಸುವುದು. ಆ ಸುಖ ಈಗ ಬಳಗದಲ್ಲಿ ಸಿಕ್ಕಿತು.

ಎಲ್ಫ್ ಭಾಷೆ ಕಟ್ಟುವವರೆಲ್ಲ ಮೊದಲು ಕಟ್ಟುವ ಪದಗಳಲ್ಲಿ ಪಾತರಗಿತ್ತಿಯೂ ಒಂದು. ಬ್ರೆಜಿಲಿನ ಒಬ್ಬ ಅದನ್ನು 'ಲಿಲಿಯೆಲ್' ಎಂದು ಕರೆದಿದ್ದ. ಕಾರಣ ಕೇಳಿದರೆ, ಕೇಳಲು ಮೆತ್ತಗಿದೆ ಎಂದ. ಪೋಲೆಂಡಿನ ಒಬ್ಬಾಕೆ ರೆಕ್ಕೆ ಬಡಿಯುವ ಸದ್ದಿನಿಂದ 'ಫಲೀಲಾ' ಮಾಡಿದ್ದಳು. "ಇದು ಭಾಷೆಯೋ, ಕೂಸಿನ ಗಿಲಕಿಯೋ" ಎಂದು ಆಚಾರ್ಯರು ಇಂಗ್ಲಿಷಿನಲ್ಲಿ ಬರೆದರು. ಊರಿನ ಪದಗಳ ಮೇಲೂ ಅವರಿಗೆ ಗೌರವವಿರಲಿಲ್ಲ. ಪಾತರಗಿತ್ತಿ ಎಂದರೆ ಕುಣಿಯುವ ಪಾತರದವಳು, ಮಡಿವಂತರು ಆಡುವ ಮಾತಲ್ಲ. ತೆಲುಗಿನವರ ಸೀತಾಕೋಕಚಿಲುಕದಲ್ಲಿ ಸೀತೆ, ಸೀರೆ, ಗಿಣಿ ಮೂರೂ ಸೇರಿ ಪದವೊಂದು ದಿಬ್ಬಣವಾಗಿದೆ. ಕೌಲ್ ಬಜಾರಿನ ಉರ್ದು ಮಾತಿನ ತಿತ್ಲಿಗಂತೂ ಅಪ್ಪ ಯಾರೆಂದೇ ಗೊತ್ತಿಲ್ಲ.

ಅವರ ಪದಗಳಿಗೆ ಅಪ್ಪ ಗೊತ್ತಿದ್ದ. ಅಜ್ಜ, ಮುತ್ತಜ್ಜರೂ ಗೊತ್ತಿದ್ದರು. ಅವರು ಕಟ್ಟಿದ ಸೇಲಿಂದ ಎಂಬ ಎಲ್ಫ್ ಭಾಷೆಯಲ್ಲಿ ಪ್ರತಿ ಮೂಲಧಾತುವೂ ಒಂದು ಗೋತ್ರ. ಒಂದೇ ಧಾತುವಿನಿಂದ ಹುಟ್ಟಿದ ಪದಗಳು ಅಣ್ಣ ತಂಗಿ, ಸಮಾಸದಲ್ಲಿ ಕೂಡುವ ಹಾಗಿಲ್ಲ. ಇಂಥ ನಿಯಮ ಬಳಗದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಯಾಕೆ ಹೊಳೆಯಬೇಕೆಂದು ಯಾರೂ ಕೇಳಲೂ ಇಲ್ಲ. ತೊಂದರೆಯಾದದ್ದು ಹೂವಿನಿಂದ. 'ನಿ' ಎಂದರೆ ತೆರೆದುಕೊಳ್ಳುವುದು. ಅದರಿಂದ ಹೂವಿಗೆ 'ನಿಮೆ' ಎಂದೂ ರೆಕ್ಕೆಗೆ 'ನಿಲು' ಎಂದೂ ಅವರೇ ಹೆಸರಿಟ್ಟಿದ್ದರು. ಪಾತರಗಿತ್ತಿ 'ನಿಮೆನಿಲು' ಆಗಬೇಕು, ಆಗುವಂತಿಲ್ಲ. ಹಿಂದೆ ಬೈಸಿಕೊಂಡ ಬ್ರೆಜಿಲಿನವನು ಆಗಾಗ ವಿಚಾರಿಸುತ್ತಿದ್ದ: ನಿಮ್ಮ ಕಾಡಿನಲ್ಲಿ ಇನ್ನೂ ಪಾತರಗಿತ್ತಿ ಇಲ್ಲವೆ?

ಮಗಳ ತೊಡಕಿಗೆ ದಾರಿಯಿತ್ತು. ಆಚಾರ್ಯರ ಹೆಂಡತಿ ಗಂಗಾಬಾಯಿಯ ತಮ್ಮ ವಿಶ್ವಪ್ರಿಯ ಸಿರುಗುಪ್ಪದಲ್ಲಿ ಮೇಷ್ಟ್ರು, ಬೇರೆ ಗೋತ್ರದವನು. ಹುಡುಗಿಯನ್ನು ಶಾಸ್ತ್ರಕ್ಕೆ ಅವನಿಗೆ ದತ್ತು ಕೊಟ್ಟು, ಅವನೇ ಧಾರೆ ಎರೆದುಕೊಟ್ಟರೆ ಆಯಿತು. ಎಷ್ಟೋ ಮನೆಗಳಲ್ಲಿ ನಡೆದದ್ದೇ. ಅನಂತನ ಮನೆಯವರು ಒಪ್ಪಿದ್ದರು, ಪುರೋಹಿತರು ಒಪ್ಪಿದ್ದರು. ದತ್ತು ಕೊಡಬೇಕಾದವರು ಮಾತ್ರ ಒಪ್ಪಲಿಲ್ಲ.

"ಅದು ಧರ್ಮಶಾಸ್ತ್ರದ ಕಣ್ಣಿಗೆ ಮಣ್ಣೆರಚೋದು," ಎಂದರು ಆಚಾರ್ಯರು. "ಮಡಿಕೆ ಬದಲಿಸಿದ್ರ ಮಜ್ಜಿಗಿ ಬದಲಾಗ್ತದೇನು?"

"ದೊಡ್ಡದೊಡ್ಡ ಆಚಾರ್ರೇ ಮಾಡ್ಯಾರ್ರೀ," ಎಂದಳು ಗಂಗಾಬಾಯಿ.

"ಮಾಡ್ಯಾರ. ಅವರಿಗೆ ಮೂಲ ಅಂದ್ರ ಏನಂತ ಗೊತ್ತಿಲ್ಲ."

ಶ್ರೀಕೃತಿ ಬ್ಯಾಂಕಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಳು. "ಅಪ್ಪಾ, ನಾ ರಿಜಿಸ್ಟ್ರಾರ್ ಆಫೀಸಿನಾಗ ಆಗಬಹುದು. ಕಾನೂನಿಗೆ ಗೋತ್ರ ಬೇಕಿಲ್ಲ. ಅಮ್ಮಗ ಮಂಟಪದಾಗ ನೋಡೋ ಆಸೆ ಅದ ಅಂತ ನಿಮ್ಮನ್ನ ಕೇಳ್ಲಿಕ್ಕತ್ತೀನಿ."

"ಕೇಳಿದ್ದಾತಲ್ಲ," ಎಂದು ಅವರು ಫೋನು ಎತ್ತಿಕೊಂಡರು.

ಸ್ವಲ್ಪ ದಿನಕ್ಕೆ ಪಾತರಗಿತ್ತಿಯ ತೊಡಕು ಬಗೆಹರಿಯಿತು. ಹೇಗೆಂದು ಆಚಾರ್ಯರು ಮನೆಯಲ್ಲಿ ಹೇಳಲಿಲ್ಲ, ಬಳಗದಲ್ಲಿ ಹೇಳಿದರು. ಹೊಗಳಿಕೆಯ ಮಳೆಯೇ ಬಂತು, ಬ್ರೆಜಿಲಿನವನೂ ಮೆಚ್ಚಿದ. ಅದೇ ಹುರುಪಿನಲ್ಲಿ ಅವರು ಕುರುಗೋಡಿನ ಒಂದು ಶಾಲೆಯಲ್ಲಿ ಭಾಷಣಕ್ಕೆ ಒಪ್ಪಿಕೊಂಡರು. ಅಲ್ಲಿನ ಶಿಕ್ಷಕಿ ಶಾಂಭವಿಗೆ ಮಕ್ಕಳು ತಾವೇ ಪದ ಕಟ್ಟಿ ಆಡುವುದನ್ನು ಕಲಿಯಲೆಂಬ ಆಸೆಯಿತ್ತು. ಕರೆದೊಯ್ಯಲು ವಿಶ್ವಪ್ರಿಯ ಕಾರು ತಂದ. ಕೇಳುವವರು ಹೆಚ್ಚಿರಲೆಂದು ಆಚಾರ್ಯರು ಹೆಂಡತಿ ಮಗಳನ್ನೂ ಹತ್ತಿಸಿಕೊಂಡರು.

ಬಿಸಿಯೂಟ ಮುಗಿಸಿ ಬಂದ ಮಕ್ಕಳು ತೂಕಡಿಸುತ್ತ ಕೂತಿದ್ದರು. ಆಚಾರ್ಯರು ಧಾತುವಿನಿಂದ ಶುರುಮಾಡಿ, ಸಗೋತ್ರದ ಕಷ್ಟ ವಿವರಿಸಿ, ಕೊನೆಗೆ ತಮ್ಮ ಉಪಾಯಕ್ಕೆ ಬಂದರು. ಎಲ್ಫ್ ಕಾಡಿನಲ್ಲಿ ಗಂಧದ ಧಾತುವಿಗೆ ಮಕ್ಕಳಿರಲಿಲ್ಲ. ಹಾಗಾಗಿ 'ನಿಮೆ'ಯನ್ನು, ಅಂದರೆ ಹೂವನ್ನು, ಆ ಧಾತುವಿಗೆ ದತ್ತು ಕೊಡಲಾಯಿತು. ಎಲ್ಫ್ ರಾಜ ಕೈಮೇಲೆ ನೀರು ಬಿಟ್ಟ. ಆಮೇಲೆ ಅದು ರೆಕ್ಕೆಯನ್ನು ಕೂಡಿತು, ನಿಮೆನಿಲು ಹುಟ್ಟಿತು.

ಹಿಂದಿನ ಬೆಂಚಿನಲ್ಲಿದ್ದ ಗಂಗಾಬಾಯಿ ಮಗಳತ್ತ ತಿರುಗಿದಳು. ಶ್ರೀಕೃತಿ ಅಪ್ಪನನ್ನೇ ನೋಡುತ್ತಿದ್ದಳು.

"ಸರ್, ನಂದೊಂದು ಡೌಟ್ ಐತ್ರಿ," ಎಂದಳು ಶಾಂಭವಿ. ಅವಳಿಗೆ ಇವರ ಮನೆಯ ವಿಷಯ ಏನೂ ಗೊತ್ತಿರಲಿಲ್ಲ. "ದತ್ತು ಹೋದ್ರೂ ಆ ಪದದಾಗ ಹಳೇ ಧಾತು ಇದ್ದೇ ಇರತೈತಲ್ರಿ? ಇದು ಕಳ್ಳದಾರಿ ಅನ್ಸಂಗಿಲ್ಲೇನ್ರಿ?"

ಆಚಾರ್ಯರು ನಕ್ಕರು. ಅರ್ಜಿ ಹಿಂದಿರುಗಿಸುವಾಗ ನಗುತ್ತಿದ್ದ ನಗು ಅದು. "ತಂಗೀ, ದತ್ತು ಅಂದ್ರ ಪೂರ್ತಿ ದತ್ತು. ನೀರು ಬಿಟ್ಟ ಮ್ಯಾಲೆ ಹಳೇ ಗೋತ್ರ ಇಲ್ಲ. ಕಳ್ಳದಾರಿ ಅನ್ನೋರಿಗೆ ಶಾಸ್ತ್ರ ಗೊತ್ತಿಲ್ಲ, ಅಷ್ಟೇ."

ಮಕ್ಕಳು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ವಿಶ್ವಪ್ರಿಯ.

ಮರಳುವಾಗ ಕಾರಿನಲ್ಲಿ, ಕುರುಗೋಡಿನ ಬಂಡೆಗುಡ್ಡ ಹಿಂದೆ ಬಿದ್ದ ಮೇಲೆ ಅವನು ಬಾಯಿಬಿಟ್ಟ. "ಭಾವಾ, ನಮ್ಮನಿಯಾಗೂ ಹೆಣ್ಣುಮಕ್ಕಳಿಲ್ಲ. ಗಂಧದ ಧಾತುವಿನಂಗ."

"ಅದು ಪದ ಮಾರಾಯಾ," ಎಂದರು ಆಚಾರ್ಯರು.

"ಪದಕ್ಕ ಗೋತ್ರ ಕೊಟ್ಟವರು ನೀವ. ಬಿಡಿಸಿದವರೂ ನೀವ. ಈಗ ಕೂಸಿಂದೂ ಬಿಡಿಸ್ರಿ."

"ಮನಷ್ಯಾರ ಗೋತ್ರ ಋಷಿಗಳಿಂದ ಬಂದದ್ದು. ನಾ ಯಾರು ಬಿಡಿಸ್ಲಿಕ್ಕೆ?"

"ಅಂದ್ರ ಇಲ್ಲದ ಹೂವಿಗೆ ಒಂದು ನ್ಯಾಯ, ಇರೋ ನನಗೊಂದು ನ್ಯಾಯ," ಎಂದಳು ಶ್ರೀಕೃತಿ. ದನಿ ಏರಲಿಲ್ಲ. "ಎರಡೂ ಸರಿಸಮ ಆಗಬೇಕಲ್ಲಪ್ಪಾ. ಯೋಚನಿ ಮಾಡ್ರಿ. ನಾಳಿ ಸಂಜಿಗೆ ಹೇಳ್ರಿ."

ಆಚಾರ್ಯರು ಯೋಚನೆ ಮಾಡಿದರು. ಮಗಳ ಮಾತು ತಪ್ಪಲ್ಲವೆಂದು ಅವರಿಗೆ ಕಂಡಿತು, ನ್ಯಾಯ ಎರಡಿರಬಾರದು. ತಾನು ಮೂಲಕ್ಕೆ ದ್ರೋಹ ಮಾಡಿದ್ದು ಹೌದು, ಹೊಗಳಿಕೆಯ ಆಸೆಗೆ ಬಿದ್ದದ್ದೂ ಹೌದು. ಎಂದೂ ತಪ್ಪೊಪ್ಪಿಕೊಳ್ಳದ ಮನುಷ್ಯ ಮರುದಿನ ಸ್ನಾನ, ಸಂಧ್ಯಾವಂದನೆ ಮುಗಿಸಿ ಬಳಗಕ್ಕೆ ಬರೆದರು: ದತ್ತು ರದ್ದಾಗಿದೆ, ನಿಮೆನಿಲು ಎಂಬ ಪದವನ್ನು ಹಿಂತೆಗೆದುಕೊಂಡಿದ್ದೇನೆ, ಸೇಲಿಂದದಲ್ಲಿ ಪಾತರಗಿತ್ತಿ ಇಲ್ಲ. ಬರೆದು, ದೊಡ್ಡ ತ್ಯಾಗ ಮಾಡಿದವರ ಹಾಗೆ ಕಣ್ಣು ಒರೆಸಿಕೊಂಡರು. ಸಂಜೆ ಮಗಳು ಬಂದಾಗ ಅವಳಿಗೂ ಅದನ್ನು ಓದಿ ಹೇಳಿದರು.

"ಈಗ ಸರಿಸಮ ಆತು ನೋಡು," ಎಂದರು.

ಶ್ರೀಕೃತಿ ಸ್ವಲ್ಪ ಹೊತ್ತು ಅವರ ಮುಖ ನೋಡಿದಳು. ಹುಡುಕುವಂಥದ್ದು ಅಲ್ಲೇನೂ ಇಲ್ಲವೆಂದು ಖಾತ್ರಿಯಾದವಳಂತೆ, "ಆತು ಬಿಡ್ರಿ," ಎಂದು ಒಳಗೆ ಹೋದಳು.

ರಿಜಿಸ್ಟ್ರಾರ್ ಕಚೇರಿಯ ನೋಟಿಸಿನ ಅವಧಿ ಮುಗಿದ ಮೇಲೆ ಒಂದು ಬೆಳಿಗ್ಗೆ ಗಂಗಾಬಾಯಿ ಜರಿ ಸೀರೆ ಉಟ್ಟು ಹೊರಗೆ ಬಂದಳು. ಮದುವೆಯಾದಾಗಿನಿಂದ ಅವಳು ಗಂಡನನ್ನು ಕೇಳದೆ ಹೊಸ್ತಿಲು ದಾಟಿದವಳಲ್ಲ. ಅವತ್ತೂ ಕೇಳಲಿಲ್ಲ, ಹೇಳಿದಳು.

"ನಾ ಸಾಕ್ಷಿ ಸಹಿ ಹಾಕ್ಲಿಕ್ಕೆ ಹೊಂಟೀನಿ. ವಿಶ್ವಾನೂ ಬಂದಾನ. ಬರ್ತೀರೇನು?"

"ನನ್ನ ಮಾತಿಗೆ ಮನಿಯಾಗ ಬೆಲಿ ಇಲ್ಲ," ಎಂದರು ಆಚಾರ್ಯರು.

"ಹುಳಿ, ಅನ್ನ ಮುಚ್ಚಿಟ್ಟೀನಿ," ಎಂದು ಅವಳು ಕಾರು ಹತ್ತಿದಳು.

ಹೊತ್ತಿಗೆ ಸರಿಯಾಗಿ ಆಚಾರ್ಯರು ಎಲೆ ಹಾಕಿಕೊಂಡರು. ಎಲೆಯ ಪಕ್ಕ ಚಿತ್ರಾವತಿಯ ಅನ್ನ ಇಟ್ಟು, ಆಪೋಶನದ ನೀರು ತೆಗೆದುಕೊಂಡು, ಮೊದಲ ತುತ್ತು ಬಾಯಿಗಿಟ್ಟರು. ಹುಳಿಗೆ ಉಪ್ಪು ಕಡಿಮೆಯಾಗಿತ್ತು. ತಪ್ಪು ಯಾರಿಗಾದರೂ ತೋರಿಸಬೇಕೆಂದು ತಲೆಯೆತ್ತಿದರು. ಮನೆಯಲ್ಲಿ ಯಾರೂ ಇರಲಿಲ್ಲ.