ಗಂಡಸಿನ ಹೆಸರಲ್ಲಿ ಬರೆದವರು

2011ರಲ್ಲಿ ನಾನು ಲಾಸ್ ಏಂಜಲೀಸ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದದ್ದು ಆಸ್ಟ್ರೇಲಿಯಾದ ಹಳೆಯ ಲೇಖಕಿಯರ ಮೇಲೆ. "ಅಮೆರಿಕಕ್ಕೆ ಹೋಗಿ ಆಸ್ಟ್ರೇಲಿಯಾ ಓದ್ತೀಯಾ? ಟಿಕೆಟ್ ತಪ್ಪಾಗಿ ತಗೊಂಡ್ಯಾ ಹೇಗೆ?" ಎಂದು ಸೋದರಮಾವ ಫೋನಿನಲ್ಲಿ ರೇಗಿಸುವಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಆಸ್ಟ್ರೇಲಿಯಾ ಇನ್ನೂ ಬ್ರಿಟಿಷರ ವಸಾಹತಾಗಿದ್ದ ಕೊನೆಯ ದಶಕಗಳಲ್ಲಿ, ಕುರಿ ಸಾಕುವ ಒಂಟಿ ಮನೆಗಳಲ್ಲಿ ಕೂತು, ಗಂಡಸಿನ ಹೆಸರಿಟ್ಟುಕೊಂಡು ವಾರಪತ್ರಿಕೆಗಳಿಗೆ ಕಥೆ ಕಳಿಸಿದ ಹೆಂಗಸರಿದ್ದರು. ಅವರ ಕಥೆಗಳಲ್ಲಿ ಕುದುರೆ ಏರಿದ ವೀರರಿಗಿಂತ ಬಾಣಂತಿಗೆ ನೀರು ಕಾಯಿಸುವವರೇ ಹೆಚ್ಚು. ಇಷ್ಟು ಹೇಳುವಷ್ಟರಲ್ಲಿ ಮಾವ, ಅಲ್ಲಿ ಚಳಿ ಹೇಗಿದೆ ಎಂದು ಕೇಳುತ್ತಿದ್ದರು.

ಪೂರ್ತಿ ಕೇಳಿಸಿಕೊಂಡವರು ಲಾಸ್ ಏಂಜಲೀಸ್ ಪಕ್ಕದ ಟೊರೆನ್ಸ್‌ನಲ್ಲಿದ್ದ ಕನ್ನಡದ ಆಂಟಿ ಒಬ್ಬರೇ. ಅವರ ಮನೆಯ ಹಿಂದಿನ ರೂಮಿನಲ್ಲಿ ನಾನು ಬಾಡಿಗೆಗಿದ್ದೆ. ಅವರ ಯಜಮಾನರು ವಿಮಾನದ ಕಂಪನಿಯಲ್ಲಿ ಎಂಜಿನಿಯರ್. ಅಂಕಲ್ ಒಳ್ಳೆಯವರೇ, ಆದರೆ ಮನೆಯಲ್ಲಿ ಮಾತು ಕಡಿಮೆ.

ಒಂದು ಮಧ್ಯಾಹ್ನ ಸೊಪ್ಪು ಬಿಡಿಸುತ್ತಾ ಆಂಟಿ ಕೇಳಿದರು, "ಆ ಹೆಂಗಸರು ಬರೀತಿದ್ದಿದ್ದು ಗಂಡಂದಿರಿಗೆ ಗೊತ್ತಿತ್ತೇನೇ?"

"ಕೆಲವರಿಗೆ ಗೊತ್ತಿತ್ತು ಆಂಟಿ. ಇನ್ನು ಕೆಲವರದ್ದು ಗೊತ್ತಾಗೋದೇ ಇಲ್ಲ."

ಆಂಟಿ ಸೊಪ್ಪು ಬದಿಗಿಟ್ಟರು. ಸ್ಯಾನ್ ಡಿಯೇಗೊದ ಕನ್ನಡದವರು ದೀಪಾವಳಿಗೆ ತರುವ ಸಂಚಿಕೆಯಲ್ಲಿ ಒಬ್ಬ ಕಥೆಗಾರನಿದ್ದ. ಎಲ್ಲರೂ ಮೆಚ್ಚಿ ಓದುತ್ತಿದ್ದರು, ಯಾರೂ ಮುಖ ನೋಡಿರಲಿಲ್ಲ. ಬೇರೆ ಇಮೇಲ್ ಮಾಡಿಕೊಂಡು ಗಂಡಸಿನ ಹೆಸರಲ್ಲಿ ಆ ಕಥೆಗಳನ್ನೆಲ್ಲ ಬರೆಯುತ್ತಿರುವುದು ತಾನೇ ಎಂದರು ಆಂಟಿ.

"ಅಂಕಲ್‌ಗೆ ಹೇಳ್ಬಿಡಿ ಆಂಟಿ."

"ಅವರೂ ಓದ್ತಾರೆ ಕಣೇ. ಓದಿ ಅವರೇ ಕಂಡುಹಿಡೀಲಿ. ಅದೊಂದೇ ಆಸೆ ನಂಗೆ."

ಆ ವರ್ಷದ ದೀಪಾವಳಿಗೆ ಮೂವರೂ ಸ್ಯಾನ್ ಡಿಯೇಗೊಗೆ ಹೋದೆವು. ಸಂಪಾದಕರು ಶಾಲು, ಹಣ್ಣಿನ ತಟ್ಟೆ ಸಿದ್ಧಮಾಡಿಕೊಂಡು, ಆ ಕಥೆಗಾರರು ಸಭೆಯಲ್ಲಿದ್ದರೆ ದಯವಿಟ್ಟು ವೇದಿಕೆಗೆ ಬರಬೇಕು ಎಂದು ಮೈಕಿನಲ್ಲಿ ಕರೆದರು. ಜನ ಹಿಂದೆ ತಿರುಗಿ ಗಂಡಸರ ಮುಖಗಳನ್ನೇ ಹುಡುಕಿದರು. ನಾನು ಆಂಟಿಯ ಮೊಣಕೈ ತಿವಿದೆ. ಅವರು ಅಲುಗಾಡಲಿಲ್ಲ. ಶಾಲು ಮತ್ತೆ ಚೀಲ ಸೇರಿತು. ಆಂಟಿಯ ಮೇಲೆ ಬಂದ ಸಿಟ್ಟಿಗೆ ನನಗೆ ಬಿಸಿಬೇಳೆ ಬಾತೂ ಸೇರಲಿಲ್ಲ.

ವಾಪಸು ಬರುವಾಗ ಆಂಟಿಯೇ ಡ್ರೈವ್ ಮಾಡುತ್ತಿದ್ದರು. ಫ್ರೀವೇಯಲ್ಲಿ ಕಾರುಗಳು ತೆವಳುತ್ತಿದ್ದವು. ಅಪರೂಪಕ್ಕೆ ಅಂಕಲ್ ತಾವಾಗಿಯೇ ಬಾಯಿಬಿಟ್ಟರು.

"ಬರಲೇ ಇಲ್ಲ ನೋಡು ಆ ಮನುಷ್ಯ. ಬಂದಿದ್ರೆ ಮಾತಾಡಿಸ್ಬೇಕು ಅಂತಿದ್ದೆ. ಈ ಸಲದ ಕಥೆ ಓದಿ ಅತ್ಬಿಟ್ಟೆ ಕಣೇ."

"ಯಾಕೆ?" ಆಂಟಿ ಕೇಳಿದರು.

"ಅದ್ರಲ್ಲಿ ಗಂಡ ಇದಾನಲ್ಲ, ಕೆಟ್ಟೋನೇನಲ್ಲ. ಆದ್ರೆ ಇಷ್ಟು ವರ್ಷದಲ್ಲಿ ಒಂದಿನಾನೂ ಹೆಂಡ್ತಿನ, ಇವತ್ತು ಏನ್ ಮಾಡ್ದೆ ಅಂತ ಕೇಳಲ್ಲ. ಪಾಪ, ಅವಳು."

ಹಿಂದಿನ ಸೀಟಿನಲ್ಲಿದ್ದ ನಾನು ಮುಂದಕ್ಕೆ ಬಾಗಿದೆ. ಇಷ್ಟು ಹತ್ತಿರ ಬಂದವರು ಇನ್ನೊಂದು ಹೆಜ್ಜೆ ಇಡಬಾರದೇ ಎನಿಸಿತು. ಅಂಕಲ್ ಹಾಡು ಹಾಕಿದರು. ಆಂಟಿ ಅದನ್ನು ಆಫ್ ಮಾಡಿದರು.

"ನನ್ನ ಕೇಳಿ."

"ಏನು ಕೇಳ್ಲಿ?"

"ಅದೇ. ಇವತ್ತು ಏನ್ ಮಾಡ್ದೆ ಅಂತ."

ಅಂಕಲ್ ನಕ್ಕರು. ಜೊತೆಗೆ ಯಾರೂ ನಗಲಿಲ್ಲ. ಆಮೇಲೆ ಅವರು ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ಏನ್ ಮಾಡ್ದೆ ಇವತ್ತು?"

"ವೇದಿಕೆಗೆ ಬನ್ನಿ ಅಂತ ಮೈಕಲ್ಲಿ ನನ್ನನ್ನ ಕರೆದ್ರು. ನಾನು ಏಳಲಿಲ್ಲ."