ಕರೆದರೂ ಏಳದ ನಾಯಿ

ನಾನು ನಾಯಿ ಕ್ಲಬ್ಬಿಗೆ ಸೇರಿದ್ದು ನಾಯಿಗೆ ಬುದ್ಧಿ ಕಲಿಸುವುದಕ್ಕೆ ಎಂದು ಅಮ್ಮನಿಗೆ ಹೇಳಿದ್ದೆ. ಅದು ಸುಳ್ಳು. ಕೆಳಗಿನ ಮನೆಯ ಓನರಮ್ಮನಿಂದ ಅದನ್ನು ಬಿಡಿಸಿಕೊಳ್ಳುವುದಕ್ಕೆ ಸೇರಿದ್ದೆ.

ಎಂಬತ್ತರ ದಶಕದ ಆರಂಭ. ಡಿಗ್ರಿ ಮುಗಿಸಿ ಕೆಲಸ ಹಿಡಿದು, ಕತ್ರಿಗುಪ್ಪೆಯ ಒಂದು ಮಹಡಿಯಲ್ಲಿ ಅಮ್ಮನ ಜೊತೆ ಬಾಡಿಗೆಗಿದ್ದೆ. ಓನರಮ್ಮನದು ಆ ಊರಿನ ಹಳೇ ಮನೆತನ. ಹೊಲವೆಲ್ಲ ಸೈಟಾಗಿ ಹೋಗಿ ಎರಡು ಹಸು, ಒಂದು ಕೊಟ್ಟಿಗೆ ಉಳಿದಿತ್ತು. ನಾನು ಸಹೋದ್ಯೋಗಿಯ ಮನೆಯಿಂದ ಬುಟ್ಟಿಯಲ್ಲಿಟ್ಟು ತಂದ ಅಲ್ಸೇಷಿಯನ್ ಮರಿ, ನಾನು ಆಫೀಸಿಗೆ ಹೊರಟ ಕೂಡಲೇ ಮೆಟ್ಟಿಲಿಳಿದು ಆ ಕೊಟ್ಟಿಗೆ ಸೇರುತ್ತಿತ್ತು. ಸಂಜೆ ನಾನು ಬಂದರೆ ಆಕೆಯ ಕಾಲ ಬಳಿಯಿಂದ ತಲೆ ಎತ್ತಿ ನೋಡಿ, ಬಾಲವನ್ನು ಎರಡು ಸಲ ನೆಲಕ್ಕೆ ಬಡಿದು ಮತ್ತೆ ಮಲಗುತ್ತಿತ್ತು. ಎರಡೇ ಸಲ. ಆಕೆ "ತೊತೊತೊ" ಎಂದರೆ ಸಾಕು, ಮಹಡಿಯಿಂದ ಉರುಳಿಕೊಂಡೇ ಇಳಿಯುತ್ತಿತ್ತು.

"ನಿನ್ ಮಗೂನ ತಗೊಂಡೋಗೇ ತಾಯಿ," ಎಂದು ಆಕೆ ನಗುತ್ತಿದ್ದರು. "ಬಂದ್ರೆ!"

ಕ್ಲಬ್ಬು ಸೇರುತ್ತಿದ್ದುದು ಭಾನುವಾರ ಬೆಳಿಗ್ಗೆ, ಜಯನಗರದ ಒಂದು ಮೈದಾನದಲ್ಲಿ. ಸೈನ್ಯದಲ್ಲಿ ನಾಯಿಗಳನ್ನು ಪಳಗಿಸಿ ನಿವೃತ್ತರಾದವರೊಬ್ಬರು ಹೇಳಿಕೊಡುತ್ತಿದ್ದರು. ಮೂರನೇ ವಾರದ ಪಾಠ "ಇರು". ನಾಯಿಯನ್ನು ಕೂರಿಸಿ ನಾವು ಮರೆಯಾಗಬೇಕು. ಬೇರೆಯವರು ಬಿಸ್ಕತ್ತು ತೋರಿಸಿ ಕರೆದರೂ, ನಾವು ಬಂದು "ಬಾ" ಎನ್ನುವವರೆಗೆ ಅದು ಏಳಬಾರದು. ನನ್ನದು ಮೊದಲ ಬಿಸ್ಕತ್ತಿಗೇ ಎದ್ದಿತು.

"ಯಾರ್ ಕರೆದ್ರೂ ಹೋಗೋ ನಾಯಿ ನಿಮ್ದಲ್ಲ ಮೇಡಂ, ಬೀದೀದು," ಎಂದರು ಅವರು.

ನನಗೆ ಬೇಕಾಗಿದ್ದ ಪಾಠ ಸಿಕ್ಕಿತು. ಮನೆಗೆ ಬಂದು ನಾಯಿಯನ್ನು ಕರೆಯಲು ಓನರಮ್ಮನಿಗೇ ಹೇಳಿದೆ. ಆಕೆ ಖುಷಿಯಿಂದ "ತೊತೊತೊ" ಎಂದರು, ನಾಯಿ ಎದ್ದಿತು. ಕತ್ತುಪಟ್ಟಿ ಹಿಡಿದು ಎಳೆತಂದು ಕೂರಿಸಿದೆ. ಮತ್ತೆ ಕರೆಸಿದೆ, ಮತ್ತೆ ಎಳೆತಂದೆ. ಏಳದೆ ಕೂತರೆ ಹುರಿದ ಕಡಲೆಬೀಜ.

"ಪಾಪ ಕಣೇ, ಆ ಕಡೆ ಈ ಕಡೆ ನೋಡ್ತದೆ. ನಂಗೀ ಆಟ ಬ್ಯಾಡ," ಎಂದು ಆಕೆ ಒಂದು ವಾರಕ್ಕೇ ಹಿಂದೆ ಸರಿದರು. ನಾನು ಬಿಡಲಿಲ್ಲ. ತಿಂಗಳು ಕಳೆಯುವುದರೊಳಗೆ ಆಕೆಯ ದನಿಗೆ ನಾಯಿಯ ಕಿವಿ ಮಾತ್ರ ಅಲ್ಲಾಡುತ್ತಿತ್ತು.

ಅದೊಂದು ಶನಿವಾರ ಮಧ್ಯಾಹ್ನ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರು. ನಾಯಿಯನ್ನು ಸೈಟಿನ ಬಾಯಲ್ಲಿ ಕೂರಿಸಿ, ಒಳಗೆ ಅರ್ಧ ಎದ್ದಿದ್ದ ಗೋಡೆಯ ಹಿಂದೆ ಅಡಗಿದೆ. ಗುರಿ ಮೂರು ನಿಮಿಷ. ಗೋಡೆಯ ಸಂದಿಯಿಂದ ನಾಯಿಯನ್ನು ಮಾತ್ರ ನೋಡುತ್ತಿದ್ದೆ. ಮರಳಿನ ಲಾರಿ ಬಂದ ಸದ್ದು, ಅದರಾಚೆ ಬದಿಯಿಂದ ಕ್ಲೀನರ್‌ನ "ಬರ್ಲಿ, ಬರ್ಲಿ" ಎರಡೂ ಕೇಳಿಸಿದವು. ದಿನಾ ಬರುವ ಲಾರಿ, ರಸ್ತೆಯಲ್ಲೇ ಸುರಿದು ಹೋಗುತ್ತದೆ ಅಂದುಕೊಂಡೆ. ಆಗ ಕೊಟ್ಟಿಗೆಯ ಬಾಗಿಲಿಂದ "ತೊತೊತೊ". ಇನ್ನೊಮ್ಮೆ, ಜೋರಾಗಿ. ಆಮೇಲೆ ಕಿರುಚಾಟ, ಇಂಜಿನ್ ಸದ್ದಿನಲ್ಲಿ ಅರ್ಥವಾಗದ್ದು. ನಾಯಿ ಕದಲಲಿಲ್ಲ.

ನನಗೆ ಗೆದ್ದೆ ಅನಿಸಿತು. ಕರಿ, ಇನ್ನೂ ಕರಿ ಅಂದುಕೊಂಡೆ. ವಾಚು ನೋಡಿದೆ, ಇಪ್ಪತ್ತು ಸೆಕೆಂಡು ಬಾಕಿ. ತಲೆ ಎತ್ತಿದರೆ ಸಂದಿಯೊಳಗೆ, ಹಿಂದಕ್ಕೆ ಬರುತ್ತಿದ್ದ ಲಾರಿಯ ಚಕ್ರ ಬಂದಿತ್ತು.

"ಬಾ" ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಓನರಮ್ಮ ಸಗಣಿ ಬಾಂಡ್ಲಿ ಹಿಡಿದು ಓಡಿಬಂದು ಲಾರಿಯ ಪಕ್ಕಕ್ಕೆ ದಡದಡ ಬಡಿದರು. ಲಾರಿ ಜಗ್ಗಿ ನಿಂತಿತು, ಮರಳು ನಾಯಿಯ ಬೆನ್ನ ಮೇಲೆ ಸುರಿಯಿತು. ಚಕ್ರಕ್ಕೂ ಅದಕ್ಕೂ ಒಂದು ಗೇಣು. ಆಗಲೂ ಅದು ಕೂತೇ ಇತ್ತು. ನಾನು ತೆವಳಿಕೊಂಡಂತೆ ಹೊರಬಂದು "ಬಾ" ಎಂದ ಮೇಲೆ ಎದ್ದು, ಮೈ ಕೊಡವಿ, ಕಡಲೆಬೀಜಕ್ಕಾಗಿ ನನ್ನ ಕೈ ಮೂಸಿತು.

"ನಾಯಿಗೆ ಕಿವಿ ಕೇಳಲ್ವಾ ಅಕ್ಕಾ?" ಎಂದ ಡ್ರೈವರ್.

"ಕೇಳತ್ತಪ್ಪಾ," ಎಂದರು ಓನರಮ್ಮ, ಏದುಸಿರು ಬಿಡುತ್ತಾ. "ಸಾಯೋಕೂ ಇವಳ ಪರ್ಮಿಷನ್ ಬೇಕು ಅದಕ್ಕೆ." ಆಕೆ ಕೈ ಚಾಚಿದರು. ನಾಯಿ ನನ್ನ ಮುಖ ನೋಡಿತು. ಆಕೆ ಕೈ ಹಿಂತೆಗೆದುಕೊಂಡರು.

ಇಷ್ಟು ವರ್ಷವಾದರೂ ಆ ಇಪ್ಪತ್ತು ಸೆಕೆಂಡು ನನ್ನೊಳಗೆ ಓಡುತ್ತಲೇ ಇದೆ. ಪ್ರತಿ ಸಲವೂ ಈ ಸಲ ವಾಚು ನೋಡುವುದಿಲ್ಲ ಅಂದುಕೊಳ್ಳುತ್ತೇನೆ. ನೋಡಿಯೇ ನೋಡುತ್ತೇನೆ.

ಕಲಿಸಿದ್ದನ್ನು ಮರೆಸುವುದು ಹೇಗೆ ಎಂದು ಕ್ಲಬ್ಬಿನಲ್ಲಿ ಕೇಳಿದೆ. "ಇಷ್ಟ್ ಚೆನ್ನಾಗಿ ಕೂರೋ ನಾಯೀನ ಕೆಡಿಸ್ತೀರಾ?" ಎಂದರು. ಹಾಗಾಗಿ ಕೊಟ್ಟಿಗೆಗೇ ಹೋದೆ. ಆಕೆ ಹಾಲು ಕರೆಯುತ್ತಿದ್ದರು. ಮತ್ತೆ ಕರೀರಿ ಎಂದು ಬೇಡಿಕೊಂಡೆ.

"ಕರೆದು ಕರೆದು ಗಂಟಲು ಹರಿದೋಯ್ತಲ್ಲ ಅವತ್ತು."

"ನಂಗೆ ಕೇಳಿಸ್ತಿತ್ತು," ಎಂದೆ. "ಕೇಳಿ ಖುಷಿಯಾಗಿತ್ತು."

ಆಕೆಯ ಕೈ ನಿಲ್ಲಲಿಲ್ಲ. "ಗೊತ್ತು. ಸಂದೀಲಿ ನಿನ್ ಮುಖ ಕಾಣ್ತಿತ್ತು. ನಗ್ತಿದ್ದೆ."

ಮಾರನೇ ದಿನ ಕೊಟ್ಟಿಗೆಯಿಂದ "ತೊತೊತೊ" ಕೇಳಿತು. ನಾಯಿ ನನ್ನತ್ತ ನೋಡಿತು. ನಾನು "ಹೋಗು" ಎಂದೆ, ಹೋಗಲಿಲ್ಲ. ಹೀಗೇ ಹಲವು ವಾರ. ಕಡಲೆಬೀಜವೆಲ್ಲ ಈಗ ಆಕೆಯ ಮಡಿಲಲ್ಲಿತ್ತು. ಒಂದು ಸಂಜೆ ಆಕೆ ಕರೆದಾಗ ಅದು ನನ್ನತ್ತ ತಿರುಗಿಯೂ ನೋಡದೆ ಮೆಟ್ಟಿಲಿಳಿದು ಓಡಿತು. ಕೆಳಗಿನಿಂದ ಆಕೆಯ ನಗು ಕೇಳಿಸಿತು. ಹೊಟ್ಟೆ ಉರಿಯಿತು, ಮೊದಲಿನಷ್ಟೇ. ಅದನ್ನು ಕೂಗಿ ಕರೆಯುವ ಮಾತು ನಾಲಿಗೆವರೆಗೆ ಬಂತು. ತುಟಿ ಕಚ್ಚಿಕೊಂಡು ಮೇಲೇ ಕೂತೆ.