ಬಾಗಿಲು ನೋಡದೆ ಹೆಣೆದ ತೋರಣ

ಕಾಕೂನ ತುರುಬಿನಲ್ಲಿ ಯಾವಾಗಲೂ ಮೂರು ಸೂಜಿ ಚುಚ್ಚಿರುತ್ತಿದ್ದವು. ಒಂದು ಮಣಿ ಪೋಣಿಸಲು, ಒಂದು ಬಟ್ಟೆಗೆ, ಇನ್ನೊಂದು ದಪ್ಪನೆಯದು ಉಣ್ಣೆಯ ದಾರಕ್ಕೆ. ಮಾತಾಡುತ್ತಲೇ ಕೈ ಹಿಂದಕ್ಕೆ ಹೋಗಿ ಬೇಕಾದ ಸೂಜಿಯನ್ನೇ ಎಳೆದುಕೊಂಡು ಬರುತ್ತಿತ್ತು. ಗಂಡ ಸತ್ತಮೇಲೆ ತುರುಬಿಗೆ ಹೂವು ಬರೋದು ನಿಂತು ಸೂಜಿ ಬಂದವು ಎಂದು ತಾನೇ ನಗುತ್ತಿದ್ದಳು. ಕೇಳಿದವರಿಗೆ ನಗಬೇಕೋ ಬೇಡವೋ ತಿಳಿಯುತ್ತಿರಲಿಲ್ಲ.

ಚಿಕ್ಕೋಡಿಯಲ್ಲಿ ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ರಕ್ತಸಂಬಂಧವೇನಿಲ್ಲ. ಓಣಿಯೆಲ್ಲ ಮರಾಠಿ ರೂಢಿಯಂತೆ, ಚಿಕ್ಕಮ್ಮನನ್ನು ಕರೆಯುವ ಹಾಗೆ, ಕಾಕು ಅನ್ನುತ್ತಿತ್ತು, ನಾನೂ ಅಂದೆ. ಹಬ್ಬಕ್ಕೆ ಬಾಗಿಲ ತೋರಣ ಹೆಣೆದುಕೊಟ್ಟು ಒಬ್ಬಳೇ ಮಗಳನ್ನು ಸಾಕಿದ್ದಳು. ಪೇಟೆಯಲ್ಲಿ ರೆಡಿಮೇಡ್ ತೋರಣಗಳು ರಾಶಿ ಬಿದ್ದಿದ್ದರೂ ಜನ ಇವಳನ್ನು ಹುಡುಕಿಕೊಂಡು ಬರುತ್ತಿದ್ದರು. ಕಾರಣ, ಬಾಗಿಲು ನೋಡದೆ ಅವಳು ಸೂಜಿ ಮುಟ್ಟುತ್ತಿರಲಿಲ್ಲ. ಗೇಣಿನಲ್ಲಿ ಅಳತೆ ಹಾಕಿ, ಎದುರುಮನೆಯ ಕಟ್ಟೆಯ ಮೇಲೆ ಅರ್ಧ ತಾಸು ಸುಮ್ಮನೆ ಕೂರುವಳು. ಯಾಕೆ ಎಂದು ಕೇಳಿದ್ದೆ.

"ಮಂದಿ ಹೆಂಗ ಒಳಗ ಹೋಗ್ತಾರ ಅಂತ ನೋಡಬೇಕವಾ. ಬಾಗಲಾ ನೋಡಿದ್ರ ಸಾಲೂದಿಲ್ಲ."

ಹಾಗೆ ನೋಡಿಯೇ ಕಣ್ಣು ಕಾಣದ ಮುದುಕಿಯೊಬ್ಬಳಿದ್ದ ಮನೆಯ ತೋರಣಕ್ಕೆ ಸಣ್ಣ ಗೆಜ್ಜೆ ಕಟ್ಟಿದ್ದಳು, ಯಾರಾದರೂ ಬಂದರೆ ಮುದುಕಿಗೆ ಗೊತ್ತಾಗಲೆಂದು. ಬೆಲ್ಲದ ವ್ಯಾಪಾರಿಗೆ ಜರಿ, ಕನ್ನಡಿ, ಗೊಂಡೆ ಎಲ್ಲ ಬೇಕಿತ್ತು. ಸೇಠರೇ, ಇಷ್ಟೆಲ್ಲ ಹಾಕಿದರೆ ಬಾಗಿಲೇ ಕಾಣೋದಿಲ್ಲ ಎಂದು ಅವನ ಎದುರಿಗೇ ಅಂದು, ಅರ್ಧ ಕಡಿಮೆ ಮಾಡಿ ಕೊಟ್ಟಳು. ಬುದ್ಧ ವಿಹಾರದ ಹತ್ತಿರದ ಮೇಷ್ಟ್ರ ಮನೆಗೆ ಬಿಳಿ ಬಟ್ಟೆಯ ಮೇಲೆ ನೀಲಿ ಅರಳಿ ಎಲೆಗಳು. ಟೇಲರ್ ಸಾಹೇಬರ ಹೆಂಡತಿಗೆ ಈದ್‌ಗೆಂದು ಹಸಿರು ಮಣಿ ತೆಗೆದಿಟ್ಟರೆ, ಹಸಿರು ಎಲ್ಲರ ಮನೆಯಲ್ಲೂ ಇರುತ್ತೆ, ನನಗೆ ರಾಣಿ ಬಣ್ಣ ಬೇಕು ಅಂದಳಂತೆ. ಆ ತೋರಣವನ್ನು ಮುಗಿಸಿದ ದಿನ ಕಾಕು ನನ್ನನ್ನು ಕರೆದು ತೋರಿಸಿದ್ದಳು.

ಬಾಗಿಲು ನೋಡದೆ ಅವಳು ಹೆಣೆದದ್ದು ಮಗಳ ಮನೆಯ ತೋರಣ ಒಂದನ್ನೇ.

ಮಗಳನ್ನು ಕಾಗವಾಡಕ್ಕೆ ಕೊಟ್ಟಿದ್ದರು. ಧಾರೆ ಎರೆದದ್ದು ಕಾಕೂನ ಅಣ್ಣ. ಇವಳು ಮದುವೆಯ ದಿನ ಅಡುಗೆಮನೆಯ ಬಾಗಿಲ ಸಂದಿಯಿಂದ ಅಕ್ಷತೆ ಹಾಕಿದಳು. ಬೀಗರು ಆಮೇಲೆ ಒಮ್ಮೆಯೂ ಮನೆಗೆ ಕರೆಯಲಿಲ್ಲ. ಕರೆಯದೆ ಹೋಗುವ ಜಾತಿಯಲ್ಲ ಇವಳು. ನಾನು ಕಾಗವಾಡದ ಒಂದು ಕಚೇರಿಯಲ್ಲಿ ಗುಮಾಸ್ತೆ, ದಿನಾ ಮಿರಜದ ಬಸ್ಸು ಹಿಡಿದು ಹೋಗಿ ಬರುವವಳು. ಮೊದಲ ದೀಪಾವಳಿಗೆ ಕಾಕು ನನ್ನ ಕೈಯಲ್ಲಿ ಒಂದು ಪೊಟ್ಟಣ ಕೊಟ್ಟಳು. ಮಗಳ ಬಾಗಿಲ ಮೇಲೆ ತನ್ನ ತೋರಣ ಇರಬೇಕು, ತಾನಿಲ್ಲದಿದ್ದರೂ ಚಿಂತೆಯಿಲ್ಲ ಅಂದಳು. ಅವಳು ಬೇಡಿದ್ದು ಅಷ್ಟೇ.

ಬೀಗಿತ್ತಿ ನನಗೆ ಚಹಾ ಕೊಟ್ಟು ಚೆನ್ನಾಗಿಯೇ ಮಾತಾಡಿಸಿದಳು. ಪೊಟ್ಟಣ ಬಿಚ್ಚಿ ನೋಡಿ, ಕೆಲಸವನ್ನು ಹೊಗಳಿ, ಮತ್ತೆ ಮಡಚಿದಳು.

"ಚಲೋ ಐತ್ರಿ. ಆದ್ರ ಗಂಡ ಇಲ್ಲದಾಕೀ ಕೈಲೆ ಹೆಣದದ್ದು, ಹಬ್ಬದಾಗ ಬಾಗಲಕ್ಕ ಹೆಂಗ ಕಟ್ಟೂದ್ರಿ?"

ಕಾಕೂನ ಮಗಳು ಅಲ್ಲೇ ನಿಂತಿದ್ದಳು. ನನ್ನನ್ನು ಕಳಿಸಲು ಅಂಗಳದವರೆಗೆ ಬಂದು, ಅವ್ವನಿಗೆ ಹೇಳಬೇಡಿ, ಕಟ್ಟಿದ್ದಾರೆ ಅನ್ನಿ ಎಂದು ಕೈಮುಗಿದಳು. ನನಗೆ ಬೀಗಿತ್ತಿಯ ಮೇಲೆ ಮೈಯೆಲ್ಲ ಉರಿಯಿತು. ಬಸ್ಸಿನಲ್ಲಿ ಕೂತಮೇಲೆ ಇನ್ನೊಂದು ನೆನಪಾಯಿತು. ನನ್ನ ತಮ್ಮನ ಮದುವೆಯ ಹಂದರಕ್ಕೂ ಕಾಕೂನದೇ ತೋರಣ. ಕಟ್ಟುವಾಗ ನಮ್ಮವ್ವ ಮುತ್ತೈದೆಯೊಬ್ಬಳನ್ನು ಕರೆಸಿದ್ದಳು. ಕಾಕು ರಸ್ತೆಯಲ್ಲಿ ನಿಂತು, ಎಡಕ್ಕೆ ಸ್ವಲ್ಪ ಇಳಿಸಿರಿ, ಅಂತ ಹೇಳುತ್ತಿದ್ದಳು. ನನಗೆ ಅಂದು ಏನೂ ಅನ್ನಿಸಿರಲಿಲ್ಲ.

ಕಾಕೂಗೆ ಕಟ್ಟಿದರು ಅಂದೆ. ಅಷ್ಟಕ್ಕೆ ಅವಳು ಬಿಡಲಿಲ್ಲ. ಬಾಗಿಲಿಗೆ ಸರಿಹೋಯಿತೇ? ಅಗಲ ಎಷ್ಟು ಉಳಿಯಿತು? ಮೈಗೆ ತಾಕುತ್ತದೆಯೇ? ನಾನು ಬಾಯಿಗೆ ಬಂದದ್ದು ಹೇಳಿದೆ: ಅಳಿಯ ಎತ್ತರ, ತಲೆಗೆ ಗೊಂಡೆ ತಾಗುತ್ತದೆ. ಮರುವರ್ಷ ಗೊಂಡೆಗಳನ್ನು ಮೋಟು ಮಾಡಿದಳು. ಹೊಳೆಯ ಕಡೆಯ ಗಾಳಿಗೆ ಎಳೆಗಳು ಸಿಕ್ಕಾಗುತ್ತವೆ ಅಂದೆ. ಅದರ ಮುಂದಿನ ವರ್ಷ ತುದಿಗೆ ಭಾರದ ಮಣಿ ಬಂದವು. ಹೀಗೆ ಆರು ವರ್ಷ. ಸುಳ್ಳಿಗೂ ಕಸೂತಿ ಹಾಕುವುದನ್ನು ನಾನು ಕಲಿತೆ. ನಾಚಿಕೆಯ ಮಾತೆಂದರೆ, ಅವಳ ಮುಖ ಅರಳುವುದನ್ನು ನೋಡಿ ನನಗೆ ಖುಷಿಯೂ ಆಗುತ್ತಿತ್ತು.

ಏಳನೆಯ ವರ್ಷ ಕಾಕೂನ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಡಾಕ್ಟರು ಇನ್ನು ಹೆಚ್ಚು ದಿನ ಕಾಣೋದಿಲ್ಲ ಅಂದಿದ್ದರು. ದೀಪಾವಳಿಯ ಪಾಡ್ಯಕ್ಕೆ ಕಾಗವಾಡಕ್ಕೆ ನಾನೂ ಬರುತ್ತೇನೆ ಅಂತ ಹಟ ಹಿಡಿದು ಕೂತಳು. ಒಳಗೆ ಹೋಗುವುದಿಲ್ಲ, ರಸ್ತೆಯಿಂದಲೇ ಒಮ್ಮೆ ನೋಡಿ ಬರುತ್ತೇನೆ. ನಾನು ಹಾಳು ರಸ್ತೆ ಅಂದೆ, ಬಸ್ಸು ರಶ್ಶು ಅಂದೆ. ಕೇಳಲಿಲ್ಲ. ಕದ್ದು ಮಗಳಿಗೆ ಫೋನು ಮಾಡಿ, ಅದೊಂದು ದಿನವಾದರೂ ಹೇಗಾದರೂ ಮಾಡಿ ಕಟ್ಟು ಅಂತ ಬೇಡಿಕೊಂಡೆ.

ಕಟ್ಟಿದ್ದಳು. ಅತ್ತೆ ಗುಡಿಗೆ ಹೋದ ಹೊತ್ತು ನೋಡಿ, ಇಷ್ಟು ವರ್ಷದ ತೋರಣಗಳನ್ನು ಮಡಚಿಟ್ಟಿದ್ದ ಟ್ರಂಕಿನಲ್ಲಿ ಕೈಗೆ ಸಿಕ್ಕಿದ್ದನ್ನು ತೆಗೆದು ಗಡಿಬಿಡಿಯಲ್ಲಿ ಕಟ್ಟಿದ್ದಳು. ರಸ್ತೆಯಿಂದ ನೋಡಿ ನನಗೆ ಜೀವ ಬಂದಹಾಗಾಯಿತು. ಕಾಕು ಮಾತ್ರ ನಿಲ್ಲಲಿಲ್ಲ. ನಡೆದು ಹೋಗಿ ಹೊಸ್ತಿಲಿನ ಈಚೆ ನಿಂತು, ಕಣ್ಣು ಹತ್ತಿರ ಒಯ್ದು, ಒಂದು ಗೊಂಡೆಯನ್ನು ಅಂಗೈಯಲ್ಲಿ ಹಿಡಿದಳು. ಮಗಳು ಒಳಗೆ, ತಾಯಿ ಹೊರಗೆ. ಒಳಗೆ ಬಾ ಅನ್ನುವ ಧೈರ್ಯ ಮಗಳಿಗಿರಲಿಲ್ಲ. ಆರಾಮಾಗಿದ್ದೀಯಾ ಅಂತ ಇವಳು ಕೇಳಿದಳು, ಹೂಂ ಅಂತ ಅವಳು ಅಂದಳು. ಬಂದುಬಿಟ್ಟೆವು.

ಬಸ್ಸು ಅಂಕಲಿಯ ಸೇತುವೆಗೆ ಬಂದಿತ್ತು.

"ಅದು ಮೊದಲ್ನೇ ವರ್ಷದ್ದು," ಅಂದಳು ಕಾಕು. "ಉದ್ದ ಗೊಂಡೇದ್ದು. ಇನ್ನೂ ಮಡಿಕಿ ಬಿಟ್ಟಿಲ್ಲ. ಒಂದಿನಾನೂ ಬಿಸಲು ಕಂಡಿಲ್ಲ ಅದು."

ನಾನು ಕಿಟಕಿಯ ಕಡೆ ನೋಡುತ್ತಾ ಕೂತೆ.

"ನೀ ಹೇಳಿದಂಗ ನಾ ಹೆಣಕೋತ ಹ್ವಾದ್ನಲ್ಲವಾ. ಹುಚ್ಚೀ ನಾನು."

ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲ. ಯಾಕೆ ಕಟ್ಟಲಿಲ್ಲ ಅಂತಲೂ ಕೇಳಲಿಲ್ಲ. ಅವಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಾರನೆಯ ದಿನದಿಂದ ಮಣಿಯ ಡಬ್ಬಿ ತೆರೆಯಲಿಲ್ಲ. ಬಂದವರಿಗೆ ಕಣ್ಣು ಕಾಣೋದಿಲ್ಲ ಎಂದು ಹೇಳಿ ಕಳಿಸಿದಳು, ಎಲ್ಲರೂ ನಂಬಿದರು. ಕಣ್ಣು ಇನ್ನೂ ಆರು ತಿಂಗಳು ಕೆಲಸಕ್ಕೆ ಸಾಲುವಷ್ಟು ಕಂಡವು. ಆ ಆರು ತಿಂಗಳು ಅವಳು ಸುಮ್ಮನೆ ಗೋಡೆ ನೋಡುತ್ತಾ ಕೂತದ್ದನ್ನು ನಾನು ದಿನವೂ ನೋಡಿದ್ದೇನೆ. ಊಟ ಕೊಟ್ಟರೆ ಉಣ್ಣುವಳು, ಮಾತಾಡಿಸಿದರೆ ಮಾತಾಡುವಳು. ಒಂದೂರಿನ ಬಾಗಿಲುಗಳೆಲ್ಲ ಗೊತ್ತಿದ್ದವಳು ತನ್ನ ಬಾಗಿಲಿನ ಆಚೆ ಬರಲೇ ಇಲ್ಲ. ನಾನು ಕ್ಷಮೆ ಕೇಳಲು ಎರಡು ಸಲ ಬಾಯಿ ತೆರೆದೆ. ಎರಡೂ ಸಲ ಅವಳೇ ಬೇರೆ ಮಾತು ತೆಗೆದಳು.

ಎರಡು ವರ್ಷದ ಮೇಲೆ ಕಾಕು ಹೋದಳು. ಮಗಳು ಮಣ್ಣಿಗೆ ಬಂದಳು, ಅತ್ತೆ ಒಂದೇ ದಿನ ಕಳಿಸಿದ್ದಳಂತೆ. ಸಂಜೆಯ ಬಸ್ಸಿಗೆ ಹೊರಟವಳು ನಮ್ಮ ಮನೆಯ ಮೆಟ್ಟಿಲ ಮೇಲೆ ನಿಂತು ನನ್ನ ಕೈ ಹಿಡಿದುಕೊಂಡಳು.

"ಖರೇ ಹೇಳ್ರಿ. ಅವ್ವಗ ಗೊತ್ತಾಗಿತ್ತೇನ್ರಿ?"

"ಇಲ್ಲವಾ," ಅಂದೆ. "ಆಕೀಗೆ ಕೊನೀತನಕಾ ಏನೂ ಗೊತ್ತಾಗಲಿಲ್ಲ."

ಅವಳೂ ನಂಬಿದಳು.